ಹುಟ್ಟಿದ ಕೂಡಲೇ ಅಳದ ಮಗು: ಮುಂದಿನ ವರ್ಷಗಳ ಬಗ್ಗೆ ಓದುಗರ ಪ್ರಶ್ನೆಗಳು

ಮಕ್ಕಳ ಬೆಳವಣಿಗೆಯ ಕುರಿತ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದೇ ವಾಕ್ಯ ಬೇರೆ ಬೇರೆ ಊರುಗಳಿಂದ ಮತ್ತೆ ಮತ್ತೆ ಬರುತ್ತಿದೆ: ‘ಮಗು ಹುಟ್ಟಿದ ಕೂಡಲೇ ಅಳಲಿಲ್ಲ.’ ಆ ವಾಕ್ಯದ ಹಿಂದೆ ಇರುವ ಪ್ರಶ್ನೆಯೂ ಒಂದೇ ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಹುಟ್ಟಿನ ಆಸುಪಾಸಿನಲ್ಲಿ ಮಿದುಳಿಗೆ ಪೆಟ್ಟಾದ ಮಕ್ಕಳ ಬೆಳವಣಿಗೆಗೆ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ ಈಗ ನಾಲ್ಕು ತಿಂಗಳು. ನೋವು ಶುರುವಾಗಿ ಬಹಳ ಹೊತ್ತಾದ ಮೇಲೆ ಹೆರಿಗೆಯಾಯಿತು, ಮಗು ಅಳಲಿಲ್ಲ. ಅದೇ ರಾತ್ರಿ ಎರಡು ಸಲ ಫಿಟ್ಸ್ ಬಂತು. ಹನ್ನೊಂದು ದಿನ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ) ಇಟ್ಟಿದ್ದರು. ನಾಲ್ಕನೆಯ ದಿನ ಮೈ ಸ್ವಲ್ಪ ಗಟ್ಟಿಯಾಯಿತು, ಬಾಯಿಂದ ಹಾಲು ಕುಡಿಯತೊಡಗಿದ. ಡಿಸ್ಚಾರ್ಜ್ ಕಾರ್ಡಿನಲ್ಲಿ ‘ಎಚ್‌ಐಇ ಸ್ಟೇಜ್ 2’ ಎಂದು ಬರೆದಿದ್ದಾರೆ. ಒಬ್ಬ ಡಾಕ್ಟರು ಏನೂ ಆಗುವುದಿಲ್ಲ ಎಂದರು, ಇನ್ನೊಬ್ಬರು ನಡೆಯುವುದು ಕಷ್ಟ ಎಂದರು. ಗ್ರಹಣದ ದಿನ ನಾನು ಹೊರಗೆ ಬಂದದ್ದರಿಂದ ಹೀಗಾಯಿತೆಂದು ಮನೆಯಲ್ಲಿ ಹಿರಿಯರು ಹೇಳುತ್ತಾರೆ. ಈಗ ಅವನು ನನ್ನ ಮುಖ ನೋಡಿ ನಗುತ್ತಾನೆ. ಮುಂದೆ ಅವನಿಗೆ ಏನಾಗುತ್ತದೆ?
— ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಪತ್ರದ ಕೊನೆಗೆ ಬಂದ ನಗುವಿನಿಂದಲೇ ಆರಂಭಿಸುತ್ತೇನೆ. ನಾಲ್ಕು ತಿಂಗಳ ಮಗು ತಾಯಿಯ ಮುಖ ನೋಡಿ ನಗಬೇಕಾದರೆ ಕಣ್ಣಿಗೆ ಕಾಣಬೇಕು, ಕಂಡದ್ದನ್ನು ಮಿದುಳು ಗುರುತಿಸಬೇಕು, ಗುರುತಿಸಿದ ಸಂತೋಷಕ್ಕೆ ಮುಖದ ಸ್ನಾಯುಗಳು ಓಗೊಡಬೇಕು. ಇವೆಲ್ಲ ನಿಮ್ಮ ಮಗನಲ್ಲಿ ನಡೆಯುತ್ತಿವೆ ಎಂಬುದು ಡಿಸ್ಚಾರ್ಜ್ ಕಾರ್ಡಿನಲ್ಲಿ ಇಲ್ಲದ, ಆದರೆ ನಾನು ಬಹಳ ಬೆಲೆ ಕೊಡುವ ವಿಷಯ.

ಗ್ರಹಣಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಈ ಸಾಲನ್ನು ದಯವಿಟ್ಟು ಮನೆಯ ಹಿರಿಯರಿಗೆ ಓದಿ ಹೇಳಿ. ಹೆರಿಗೆಗೆ ಮೊದಲೇ ಮಾಸು ಕಳಚಿಕೊಳ್ಳುವುದು, ಹೊಕ್ಕುಳ ಬಳ್ಳಿ ಜಾರಿ ಅದುಮಿಕೊಳ್ಳುವುದು, ದಾರಿ ಸಾಲದೆ ಮಗುವಿನ ತಲೆ ಗಂಟೆಗಟ್ಟಲೆ ಸಿಕ್ಕಿಕೊಳ್ಳುವುದು, ಗರ್ಭಕೋಶ ಹರಿಯುವುದು, ಇಂಥ ಕಾರಣಗಳಿಂದ ಮಗುವಿನ ಮಿದುಳಿಗೆ ಹೋಗುವ ರಕ್ತವೂ ಆಮ್ಲಜನಕವೂ ಕಡಿಮೆಯಾದಾಗ ಮಿದುಳಿನ ಕೆಲಸ ಏರುಪೇರಾಗುತ್ತದೆ. ಆ ಸ್ಥಿತಿಗೆ ಹೈಪಾಕ್ಸಿಕ್ ಇಸ್ಕೀಮಿಕ್ ಎನ್‌ಸೆಫಲೋಪತಿ ಎಂದು ಹೆಸರು. ಕಾರ್ಡಿನಲ್ಲಿರುವ ಮೂರು ಅಕ್ಷರಗಳು ಅದರ ಚುಟುಕು ರೂಪ. ಇವುಗಳಲ್ಲಿ ಯಾವುದೂ ಬಸುರಿ ಹೆಂಗಸು ಬಾಗಿಲ ಹೊರಗೆ ಕಾಲಿಟ್ಟದ್ದರಿಂದ ಆಗುವಂಥದ್ದಲ್ಲ.

‘ಸ್ಟೇಜ್ 2’ ಎಂಬುದು 1976ರಲ್ಲಿ ಹಾರ್ವಿ ಸಾರ್ನಾಟ್ ಮತ್ತು ಮಾರ್ಗರೆಟ್ ಸಾರ್ನಾಟ್ ಎಂಬ ವೈದ್ಯರು ಮಾಡಿದ ವಿಂಗಡಣೆ. ಮೊದಲ ಹಂತದ ಮಕ್ಕಳು ಒಂದೆರಡು ದಿನ ಚಡಪಡಿಸಿ ಸರಿಹೋಗುತ್ತಾರೆ, ಅವರಲ್ಲಿ ಹೆಚ್ಚಿನವರು ಚೆನ್ನಾಗಿಯೇ ಬೆಳೆಯುತ್ತಾರೆ. ಮೂರನೆಯ ಹಂತದಲ್ಲಿ ಮಗು ಪ್ರಜ್ಞೆಯಿಲ್ಲದೆ, ಮೈಯಲ್ಲಿ ಬಿಗಿಯೇ ಇಲ್ಲದೆ ಮಲಗಿರುತ್ತದೆ. ಅಲ್ಲಿ ಸಾವು ಅಥವಾ ತೀವ್ರ ನ್ಯೂನತೆ ಹೆಚ್ಚು. ನಡುವಿನ ಎರಡನೆಯ ಹಂತವೇ ಹೇಳಲು ಕಷ್ಟವಾದದ್ದು. ಅದರಲ್ಲಿ ಪೂರ್ತಿ ಸರಿಹೋಗುವ ಮಕ್ಕಳೂ ಇದ್ದಾರೆ, ಸೆರೆಬ್ರಲ್ ಪಾಲ್ಸಿ, ಎಂದರೆ ಮಿದುಳಿಗಾದ ಪೆಟ್ಟಿನಿಂದ ಮೈಯ ಚಲನೆ ಮತ್ತು ಬಿಗಿ ಅಂಕೆ ತಪ್ಪುವ ಸ್ಥಿತಿ, ಆಗುವವರೂ ಇದ್ದಾರೆ. ನಿಮಗೆ ಇಬ್ಬರು ವೈದ್ಯರು ಎರಡು ಮಾತು ಹೇಳಿದ್ದು ಇದರಿಂದಲೇ. ಇಬ್ಬರೂ ತಾವು ನೋಡಿದ ಮಕ್ಕಳನ್ನು ನೆನೆದು ಹೇಳಿದ್ದಾರೆ. ಆದರೆ ಸಾರ್ನಾಟ್ ದಂಪತಿಯ ಆ ಮೊದಲ ಅಧ್ಯಯನದಲ್ಲೇ ಒಂದು ಉಪಯುಕ್ತ ಗಮನಿಕೆ ಇತ್ತು: ಎರಡನೆಯ ಹಂತದ ಲಕ್ಷಣಗಳು ಐದು ದಿನದೊಳಗೆ ಹೋದ ಕೂಸುಗಳು ಮುಂದೆ ಸರಿಯಾಗಿಯೇ ಕಂಡವು, ಏಳು ದಿನ ದಾಟಿಯೂ ಉಳಿದವುಗಳಲ್ಲಿ ತೊಂದರೆ ಕಾಣಿಸಿತು. ನೋಡಿದ್ದು 21 ಕೂಸುಗಳನ್ನು ಮಾತ್ರ, ಆದ್ದರಿಂದ ಅದನ್ನು ಭರವಸೆಯ ಚೀಟಿ ಎಂದುಕೊಳ್ಳಬಾರದು. ಆದರೂ ‘ಬಾಯಿಂದ ಹಾಲು ಕುಡಿಯತೊಡಗಿದ್ದು ಎಷ್ಟನೆಯ ದಿನ’ ಎಂದು ನಾನು ಪ್ರತಿ ತಾಯಿಯನ್ನೂ ಕೇಳುತ್ತೇನೆ. ನೀವು ಕೇಳುವ ಮೊದಲೇ ಬರೆದಿದ್ದೀರಿ. ನಾಲ್ಕನೆಯ ದಿನ ಎಂಬುದು ಒಳ್ಳೆಯ ಸುದ್ದಿ.

ಹುಟ್ಟಿದ ಮೊದಲ ಎರಡು ವಾರದೊಳಗೆ ಎಂಆರ್‌ಐ ಆಗಿದ್ದರೆ ಅದರ ವರದಿಯನ್ನೂ ಫಿಲ್ಮನ್ನೂ ಜೋಪಾನವಾಗಿಡಿ. ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ ಮತ್ತು ಥಲಾಮಸ್ ಎಂಬ ಗಂಟುಗಳಿಗೆ ಪೆಟ್ಟಾಗಿದ್ದರೆ ಕೈಕಾಲಿನ ಚಲನೆ, ನುಂಗುವುದು, ಮಾತಿನ ಉಚ್ಚಾರ ಇವುಗಳಿಗೆ ತೊಂದರೆ ಬರುವ ಸಂಭವ ಹೆಚ್ಚು. ದೊಡ್ಡ ರಕ್ತನಾಳಗಳ ಹರವು ಒಂದಕ್ಕೊಂದು ಸೇರುವ ಗಡಿಯ ಭಾಗಗಳಿಗೆ ಪೆಟ್ಟಾಗಿದ್ದರೆ ಮಗು ನಡೆದಾಡಬಹುದು, ಆದರೆ ಮಾತು, ಕಲಿಕೆ, ನೋಟಗಳಲ್ಲಿ ತೊಡಕು ವರ್ಷಗಳ ಮೇಲೆ ಕಾಣಬಹುದು.

ಈಗ, ಇದೇ ತಿಂಗಳಲ್ಲಿ, ನೀವು ಮಾಡಬಹುದಾದ ಕೆಲಸವೊಂದಿದೆ. ಮೂರರಿಂದ ಐದು ತಿಂಗಳ ಆರೋಗ್ಯವಂತ ಕೂಸನ್ನು ಅಂಗಾತ ಮಲಗಿಸಿ ಸುಮ್ಮನೆ ನೋಡಿದರೆ ಕತ್ತು, ಮಣಿಕಟ್ಟು, ಕಣಕಾಲು, ಬೆರಳುಗಳಲ್ಲಿ ಎಡೆಬಿಡದ ಒಂದು ಸಣ್ಣ ಹೊರಳಾಟ ಕಾಣುತ್ತದೆ. ಅದು ಒದೆಯುವುದೂ ಅಲ್ಲ, ನಡುಕವೂ ಅಲ್ಲ, ಎಲ್ಲ ದಿಕ್ಕಿಗೂ ಹಗುರವಾಗಿ ಸುತ್ತುವ ಚಲನೆ. ಹೈಂಜ್ ಪ್ರೆಕ್ಟಲ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ಕಂಡುಕೊಂಡಂತೆ, ಈ ವಯಸ್ಸಿನಲ್ಲಿ ಈ ಸಣ್ಣ ಚಲನೆಗಳು ಚೆನ್ನಾಗಿದ್ದರೆ ಸೆರೆಬ್ರಲ್ ಪಾಲ್ಸಿ ಆಗುವ ಸಂಭವ ಬಹಳ ಕಡಿಮೆ, ಅವು ಇಲ್ಲವೇ ಇಲ್ಲವೆಂದರೆ ಸಂಭವ ಹೆಚ್ಚು. ಮಗು ಹೊಟ್ಟೆ ತುಂಬಿ, ಎಚ್ಚರವಾಗಿ, ಅಳದೆ ಇರುವ ಹೊತ್ತಿನಲ್ಲಿ ಚಾಪೆಯ ಮೇಲೆ ತೆಳು ಬಟ್ಟೆಯಲ್ಲಿ ಮಲಗಿಸಿ. ಗಿಲಕಿ, ಮಾತು, ಚಿಟಿಕೆ ಯಾವುದೂ ಬೇಡ. ಮೇಲಿನಿಂದ ಪೂರ್ತಿ ಮೈ ಕಾಣುವ ಹಾಗೆ ಮೊಬೈಲಿನಲ್ಲಿ ನಾಲ್ಕೈದು ನಿಮಿಷ ವಿಡಿಯೊ ತೆಗೆದು ಮಕ್ಕಳ ನರರೋಗ ತಜ್ಞರಿಗೆ, ಇಲ್ಲವೆ ನಿಮ್ಮ ಜಿಲ್ಲಾ ಆಸ್ಪತ್ರೆಯ ಶೀಘ್ರ ಮಧ್ಯಸ್ಥಿಕೆ ಕೇಂದ್ರದವರಿಗೆ ತೋರಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಲ್ಲಿ ಆರಂಭವಾದ ಮೇಲೆ ಜಿಲ್ಲೆಗಳಲ್ಲಿ ತೆರೆದ ಈ ಕೇಂದ್ರಗಳನ್ನು ಜನ ‘ಡಿಇಐಸಿ’ ಎಂದೇ ಕರೆಯುತ್ತಾರೆ. ವಿಡಿಯೊವನ್ನು ಓದಲು ತರಬೇತಿ ಬೇಕು, ಆದ್ದರಿಂದ ನೀವೇ ನೋಡಿ ತೀರ್ಮಾನಕ್ಕೆ ಬರಬೇಡಿ. ಐದು ತಿಂಗಳು ದಾಟಿದರೆ ಈ ಚಲನೆಗಳು ಸಹಜವಾಗಿಯೇ ಮರೆಯಾಗುವುದರಿಂದ ತಡ ಮಾಡದಿರುವುದು ಮುಖ್ಯ.

ಇನ್ನೊಂದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಬೇಕು. ಮೂರರಿಂದ ಏಳೆಂಟು ತಿಂಗಳ ನಡುವೆ, ಅದರಲ್ಲೂ ನಿದ್ದೆಯಿಂದ ಎದ್ದಾಗ, ಮಗು ಥಟ್ಟನೆ ತಲೆ ಬಗ್ಗಿಸಿ ಎರಡೂ ಕೈ ಚಾಚಿ ಒಂದೆರಡು ಸೆಕೆಂಡಿನಲ್ಲಿ ಸಡಿಲವಾಗುವುದು, ಕೆಲವು ಸೆಕೆಂಡುಗಳ ನಂತರ ಮತ್ತೆ ಅದೇ, ಹೀಗೆ ಸಾಲುಸಾಲಾಗಿ ಬರುವುದು ಕಂಡರೆ ಅದು ಬೆಚ್ಚುವುದಲ್ಲ, ಹೊಟ್ಟೆನೋವೂ ಅಲ್ಲ. ಇನ್‌ಫಂಟೈಲ್ ಸ್ಪ್ಯಾಸಮ್ ಎಂಬ ಈ ಬಗೆಯ ಫಿಟ್ಸನ್ನು ಮೊದಲು ವಿವರಿಸಿದವರು ವಿಲಿಯಂ ಜೇಮ್ಸ್ ವೆಸ್ಟ್ ಎಂಬ ಇಂಗ್ಲಿಷ್ ವೈದ್ಯರು. 1841ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಗೆ ಬರೆದ ಕಾಗದದಲ್ಲಿ ಅವರು ವರ್ಣಿಸಿದ್ದು ಸ್ವಂತ ಮಗನ ಸ್ಥಿತಿಯನ್ನು. ಓದಿದಾಗಲೆಲ್ಲ ತಂದೆಯೊಬ್ಬನ ಕೈ ಅಲ್ಲಿ ನಡುಗಿದಂತೆ ನನಗೆ ಅನಿಸುತ್ತದೆ. ಇಂದು ಇದಕ್ಕೆ ಔಷಧಿ ಇದೆ, ಆದರೆ ಬೇಗ ಆರಂಭಿಸಿದಷ್ಟೂ ಮಗುವಿನ ಬುದ್ಧಿಯ ಬೆಳವಣಿಗೆಗೆ ಒಳ್ಳೆಯದು. ನಮ್ಮಲ್ಲಿ ‘ಬಾಲಗ್ರಹ’ ಎಂದು ತಾಯತ ಕಟ್ಟಿಸಿ ಎರಡು ಮೂರು ತಿಂಗಳು ಕಳೆದು ಬರುವ ಮಕ್ಕಳನ್ನು ಕಂಡು ನನಗೆ ಬಹಳ ನೋವಾಗಿದೆ. ತಾಯತ ಕಟ್ಟುವ ಆಸೆ ಹಿರಿಯರಿಗೆ ಇದ್ದರೆ ಕಟ್ಟಲಿ, ಅದೇ ದಿನ ವಿಡಿಯೊ ತೆಗೆದು ಆಸ್ಪತ್ರೆಗೂ ಹೊರಡಿ.

ಉಳಿದಂತೆ ಪ್ರತಿ ಭೇಟಿಯಲ್ಲೂ ಟೇಪಿನಿಂದ ತಲೆಯ ಸುತ್ತಳತೆ ಅಳೆಸಿ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ತಿಂಗಳು ತಿಂಗಳು ತಲೆ ಬೆಳೆಯುತ್ತಿದೆ ಎಂದರೆ ಮಿದುಳು ಬೆಳೆಯುತ್ತಿದೆ ಎಂದರ್ಥ. ಶ್ರವಣ ಪರೀಕ್ಷೆ ಆಗಿರದಿದ್ದರೆ ಈಗಲೇ ಮಾಡಿಸಿ. ಒಂದು ವರ್ಷದೊಳಗೆ ಮಗು ಒಂದೇ ಕೈಯನ್ನು ಬಳಸತೊಡಗಿದರೆ ‘ಎಡಚ’ ಎಂದು ನಕ್ಕು ಬಿಡಬೇಡಿ, ಇನ್ನೊಂದು ಕೈಯಲ್ಲಿ ಬಲ ಕಡಿಮೆಯೇ ಎಂದು ತೋರಿಸಿ. ಅವನು ನಡೆಯುತ್ತಾನೆಯೇ ಎಂಬ ಪ್ರಶ್ನೆಗೆ ಈ ಹೊತ್ತಿನಲ್ಲಿ ಯಾರೇ ಖಚಿತವಾಗಿ ಉತ್ತರಿಸಿದರೂ ಅವರು ಅವಸರ ಮಾಡುತ್ತಿದ್ದಾರೆ.

ಪ್ರಶ್ನೆ: ನಾವು ಮೈಸೂರಿನವರು, ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನೆಲೆಸಿದ್ದೇವೆ. ಮಗಳು ಹುಟ್ಟಿದಾಗ ಉಸಿರಾಟ ಸರಿಯಿಲ್ಲದೆ ಮೂರು ದಿನ ಮೈ ತಣ್ಣಗಿಡುವ ಚಿಕಿತ್ಸೆ ಕೊಟ್ಟಿದ್ದರು. ಎರಡು ವರ್ಷಕ್ಕೆ ನಡೆದಳು, ಮಾತಾಡಿದಳು. ಎಲ್ಲ ಸರಿಯಿದೆ, ಇನ್ನು ಬರಬೇಕಿಲ್ಲ ಎಂದು ಕಳಿಸಿದರು. ಈಗ ಎಂಟು ವರ್ಷ. ಮಗ್ಗಿ ಇವತ್ತು ಹೇಳಿದ್ದು ನಾಳೆ ಮರೆತಿರುತ್ತಾಳೆ. ‘ಮೇಲೆ ಹೋಗಿ ನೀಲಿ ಚೀಲ ತಾ, ಬರುವಾಗ ಕಿಟಕಿ ಹಾಕು, ಶೂ ಹಾಕಿಕೋ’ ಎಂದರೆ ಚೀಲ ಒಂದನ್ನೇ ಹಿಡಿದು ಬಂದು ನಿಲ್ಲುತ್ತಾಳೆ. ನಮ್ಮ ತಂದೆ ತಾಯಿ ಅದು ಸೋಮಾರಿತನ ಎನ್ನುತ್ತಾರೆ. ಇದಕ್ಕೂ ಹುಟ್ಟಿದಾಗಿನ ತೊಂದರೆಗೂ ಸಂಬಂಧವಿದೆಯೇ? ಇನ್ನೊಂದು ಪ್ರಶ್ನೆ: ನನ್ನ ತಂಗಿಯ ಮಗುವಿಗೆ ಕರ್ನಾಟಕದಲ್ಲಿ ಇದೇ ಸ್ಥಿತಿ ಬಂದಾಗ ತಣ್ಣಗಿಡುವ ಚಿಕಿತ್ಸೆ ಕೊಡಲಿಲ್ಲ. ಅದು ತಪ್ಪಲ್ಲವೇ?
— ಒಬ್ಬ ತಂದೆ

ಉತ್ತರ: ಸಂಬಂಧ ಇರುವ ಸಾಧ್ಯತೆ ಬಹಳವಿದೆ, ನಿಮ್ಮ ಮಗಳು ಸೋಮಾರಿಯಲ್ಲ ಎಂದು ಮೊದಲು ಅಜ್ಜ ಅಜ್ಜಿಗೆ ಫೋನ್ ಮಾಡಿ ಹೇಳಿ. ಎರಡು ವರ್ಷದ ಮಗುವಿನ ಪರೀಕ್ಷೆಯಲ್ಲಿ ನಾವು ಕೇಳುವುದು ನಡೆಯುತ್ತದೆಯೇ, ಎರಡು ಪದ ಜೋಡಿಸುತ್ತದೆಯೇ, ಬೆರಳು ಮಾಡಿ ತೋರಿಸುತ್ತದೆಯೇ ಎಂಬುದನ್ನು. ಮೂರು ಆದೇಶಗಳನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಒಂದೊಂದಾಗಿ ಮುಗಿಸುವ ಕೆಲಸವನ್ನು ಆ ವಯಸ್ಸಿನಲ್ಲಿ ಯಾರೂ ಕೇಳುವುದಿಲ್ಲ, ಆದ್ದರಿಂದ ಆ ಕೆಲಸ ಮಾಡುವ ಮಿದುಳಿನ ಭಾಗದಲ್ಲಿ ಕೊರತೆ ಇದ್ದರೂ ಆಗ ಕಾಣುವುದಿಲ್ಲ. ಕಾಲುವೆಯ ಕೊನೆಯ ತೂಬು ಕೆಟ್ಟಿರುವುದು ಅಲ್ಲಿಗೆ ನೀರು ಬಿಡುವ ದಿನವೇ ತಿಳಿಯುವಂತೆ, ಹುಟ್ಟಿನಲ್ಲಿ ಆದ ಪೆಟ್ಟಿನ ಒಂದು ಭಾಗ ಮೂರನೆಯ ತರಗತಿಯಲ್ಲಿ ತಿಳಿಯುತ್ತದೆ.

ತಣ್ಣಗಿಡುವ ಚಿಕಿತ್ಸೆಯಲ್ಲಿ ಹುಟ್ಟಿದ ಆರು ಗಂಟೆಯೊಳಗೆ ಆರಂಭಿಸಿ 72 ಗಂಟೆ ಕಾಲ ಮಗುವಿನ ಮೈಯನ್ನು 33ರಿಂದ 34 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ಆಮ್ಲಜನಕದ ಕೊರತೆ ನೀಗಿದ ಮೇಲೂ ಗಂಟೆಗಳ ನಂತರ ಮಿದುಳಿನ ಕೋಶಗಳು ಎರಡನೆಯ ಸುತ್ತಿನಲ್ಲಿ ಸಾಯುವುದನ್ನು ಈ ತಂಪು ತಗ್ಗಿಸುತ್ತದೆ. ಬ್ರಿಟನ್ನಿನಲ್ಲಿ ಹೆಚ್ಚಾಗಿ ನಡೆದ ‘ಟೋಬಿ’ ಎಂಬ ಪ್ರಯೋಗದ ಮಕ್ಕಳನ್ನು ಆರೇಳು ವರ್ಷಕ್ಕೆ ಮತ್ತೆ ಕರೆದು ಪರೀಕ್ಷಿಸಿದ ಫಲಿತಾಂಶ 2014ರಲ್ಲಿ ಪ್ರಕಟವಾಯಿತು: ಬದುಕುಳಿದು 85 ಅಥವಾ ಹೆಚ್ಚಿನ ಐಕ್ಯೂ ಪಡೆದವರು ತಂಪು ಪಡೆದ ಗುಂಪಿನಲ್ಲಿ ಶೇ. 52, ಪಡೆಯದ ಗುಂಪಿನಲ್ಲಿ ಶೇ. 39. ಚಿಕಿತ್ಸೆಯಿಂದ ಲಾಭವಾಯಿತು ಎಂಬುದು ಇದರಲ್ಲಿ ಸ್ಪಷ್ಟ. ಲಾಭ ಎಲ್ಲರಿಗೂ ಪೂರ್ತಿಯಾಗಿ ಸಿಗಲಿಲ್ಲ ಎಂಬುದೂ ಅಷ್ಟೇ ಸ್ಪಷ್ಟ. ಸೆರೆಬ್ರಲ್ ಪಾಲ್ಸಿ ಇಲ್ಲದ, ತಂಪು ಚಿಕಿತ್ಸೆ ಪಡೆದ ಮಕ್ಕಳನ್ನೇ ಶಾಲೆಯ ವಯಸ್ಸಿನಲ್ಲಿ ಬ್ರಿಸ್ಟಲ್‌ನ ಸಂಶೋಧಕರು ಅವರ ಓರಗೆಯವರೊಡನೆ ಹೋಲಿಸಿದಾಗಲೂ ಬುದ್ಧಿಮಾಪನದಲ್ಲಿ, ಕೈಚಲನೆಯಲ್ಲಿ ಹಿನ್ನಡೆ ಕಂಡುಬಂತು. ಹಿಪ್ಪೋಕ್ಯಾಂಪಸ್ ಎಂಬ ನೆನಪಿನ ಭಾಗ ಆಮ್ಲಜನಕದ ಕೊರತೆಗೆ ಬಹಳ ಬೇಗ ಸೋಲುತ್ತದೆ ಎಂಬುದನ್ನು ನಿಮ್ಮ ಮಗ್ಗಿಯ ಕಥೆ ಓದುವಾಗ ನೆನೆದುಕೊಂಡೆ.

ನಿಮ್ಮ ಜಿಪಿಯ (ಅಲ್ಲಿನ ಕುಟುಂಬ ವೈದ್ಯರ) ಮೂಲಕ ಮಕ್ಕಳ ಬೆಳವಣಿಗೆಯ ವೈದ್ಯರಲ್ಲಿಗೆ ಮತ್ತೆ ಹೋಗಿ, ಹುಟ್ಟಿದಾಗಿನ ದಾಖಲೆ ತೋರಿಸಿ, ನೆನಪು, ಗಮನ, ಮಾತು ಮತ್ತು ಲೆಕ್ಕದ ವಿವರವಾದ ಪರೀಕ್ಷೆ ಕೇಳಿ. ಶಾಲೆಯಲ್ಲಿ ವಿಶೇಷ ಅಗತ್ಯವುಳ್ಳ ಮಕ್ಕಳ ಹೊಣೆ ಹೊತ್ತ ‘ಸೆನ್ಕೋ’ ಶಿಕ್ಷಕರ ನೆರವನ್ನು ಬರವಣಿಗೆಯಲ್ಲಿ ಕೋರಿ. ಎಷ್ಟೋ ಶಾಲೆಗಳಿಗೆ ಮಗುವಿನ ಹುಟ್ಟಿನ ಇತಿಹಾಸವೇ ತಿಳಿದಿರುವುದಿಲ್ಲ. ಮನೆಯಲ್ಲಿ ಒಂದು ಸಲಕ್ಕೆ ಒಂದೇ ಮಾತು ಹೇಳಿ, ಅದು ಮುಗಿದ ಮೇಲೆ ಇನ್ನೊಂದು. ಬೆಳಿಗ್ಗೆಯ ಕೆಲಸಗಳನ್ನು ಚಿತ್ರ ಬರೆದು ಬಾಗಿಲ ಬಳಿ ಅಂಟಿಸಿ. ಮಗ್ಗಿಯನ್ನು ಬಾಯಿಪಾಠ ಮಾಡಿಸುವ ಬದಲು ಹುಣಸೆ ಬೀಜವನ್ನೋ ಗುಂಡಿಯನ್ನೋ ಸಾಲಾಗಿ ಜೋಡಿಸಿ, ಕೈಯಿಂದ ಮುಟ್ಟಿ ಎಣಿಸಲಿ. ನೆನಪು ಕೈಕೊಟ್ಟ ದಿನವೂ ಅವಳು ಉತ್ತರ ಕಂಡುಕೊಳ್ಳುತ್ತಾಳೆ. ಮನೆಯಲ್ಲಿ ಕನ್ನಡ ಬಿಡಬೇಕೆ ಎಂದು ನೀವು ಕೇಳಿಲ್ಲ, ಆದರೆ ಯಾರಾದರೂ ಸಲಹೆ ಕೊಟ್ಟಾರು: ಬಿಡಬೇಕಿಲ್ಲ. ಎರಡು ಭಾಷೆಯಿಂದ ಇಂಥ ಮಕ್ಕಳ ಮಿದುಳಿಗೆ ಹೊರೆಯಾಗುವುದಿಲ್ಲ.

ತಂಗಿಯ ಮಗುವಿನ ವಿಷಯದಲ್ಲಿ ಆಸ್ಪತ್ರೆಯವರನ್ನು ದೂರುವ ಮೊದಲು ಒಂದು ಸಂಗತಿ ತಿಳಿಯಿರಿ. ಭಾರತ, ಶ್ರೀಲಂಕಾ, ಬಾಂಗ್ಲಾದೇಶಗಳ 408 ಕೂಸುಗಳ ಮೇಲೆ ನಡೆದ ‘ಹೀಲಿಕ್ಸ್’ ಎಂಬ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ಇಲ್ಲಿ ತಂಪು ಚಿಕಿತ್ಸೆಯಿಂದ ಸಾವು ಅಥವಾ ನ್ಯೂನತೆ ಕಡಿಮೆಯಾಗಲಿಲ್ಲ. ಸಾವಿನ ಪ್ರಮಾಣ ತಂಪು ಪಡೆದವರಲ್ಲಿ ಶೇ. 42, ಪಡೆಯದವರಲ್ಲಿ ಶೇ. 31 ಇತ್ತು. ನಮ್ಮ ತಾಯಂದಿರ ಹೊಟ್ಟೆಯಲ್ಲೇ ಕೊರತೆ ಹೆಚ್ಚು ಹೊತ್ತು ನಡೆದಿರುತ್ತದೆ, ಆರು ಗಂಟೆಯ ಅವಕಾಶ ಹೆರಿಗೆಗೆ ಮೊದಲೇ ಮುಗಿದಿರುತ್ತದೆ ಎಂಬುದು ತಜ್ಞರು ಕೊಡುವ ವಿವರಣೆಗಳಲ್ಲಿ ಒಂದು. ಲೆಸ್ಟರ್‌ನಲ್ಲಿ ಸರಿಯಾದದ್ದು ಇಲ್ಲಿಯೂ ತಾನಾಗಿಯೇ ಸರಿಯಾಗುವುದಿಲ್ಲ. ತಂಗಿಯ ಮಗು ಈಗ ಹೇಗಿದೆ, ಯಾರು ನೋಡುತ್ತಿದ್ದಾರೆ ಎಂಬುದು ಹೆಚ್ಚು ಮುಖ್ಯವಾದ ಪ್ರಶ್ನೆ, ದಯವಿಟ್ಟು ಅವರಿಗೆ ಮೇಲಿನ ಮೊದಲ ಉತ್ತರವನ್ನು ಓದಲು ಹೇಳಿ.

ಪ್ರಶ್ನೆ: ನಾನು ಅಂಗನವಾಡಿ ಕಾರ್ಯಕರ್ತೆ. ನನ್ನ ವ್ಯಾಪ್ತಿಯಲ್ಲಿ ಹುಟ್ಟಿದ ಕೂಡಲೇ ಚೆನ್ನಾಗಿ ಅತ್ತ ಒಂದು ಮಗುವಿಗೆ ಕಾಮಾಲೆ ಜಾಸ್ತಿಯಾಗಿ ಈಗ ಕಿವಿ ಕೇಳುವುದಿಲ್ಲ, ಕತ್ತು ನಿಂತಿಲ್ಲ. ಅತ್ತ ಮಗುವಿಗೂ ಮಿದುಳಿಗೆ ಪೆಟ್ಟಾಗುವುದುಂಟೆ? ಮನೆಮನೆಗೆ ಹೋದಾಗ ನಾನು ಏನು ಹೇಳಬೇಕು?
— ರಾಯಚೂರು ಜಿಲ್ಲೆ

ಉತ್ತರ: ಉಂಟು. ಕಾಮಾಲೆಯ ಹಳದಿ ವಸ್ತುವಾದ ಬಿಲಿರುಬಿನ್ ರಕ್ತದಲ್ಲಿ ಮಿತಿ ಮೀರಿದರೆ ಮಿದುಳಿನೊಳಗೆ ಇಳಿದು ಬೇಸಲ್ ಗ್ಯಾಂಗ್ಲಿಯಾವನ್ನೂ ಕಿವಿಯ ನರದ ದಾರಿಯನ್ನೂ ಕೆಡಿಸುತ್ತದೆ. ನೀವು ಬರೆದ ಮಗುವಿನಲ್ಲಿ ಆಗಿರುವುದು ಬಹುಶಃ ಇದೇ. ಮುಂದೆ ಕೈಕಾಲು ತಿರುಚುವ ಚಲನೆಗಳು ಕಾಣಬಹುದು, ಆದರೆ ಇಂಥ ಮಕ್ಕಳಲ್ಲಿ ಬುದ್ಧಿ ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ. ಆದ್ದರಿಂದ ಶ್ರವಣ ಪರೀಕ್ಷೆಗೆ ಬೇಗ ಕಳಿಸಿ. 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಪೂರ್ತಿ ವ್ಯವಸ್ಥೆ ಇದೆ.

ಮನೆಮನೆಯಲ್ಲಿ ಹೇಳಬೇಕಾದದ್ದು ಇಷ್ಟು. ಬೆಳಗಿನ ಎಳೆ ಬಿಸಿಲಿಗೆ ಹಿಡಿದರೆ ಕಾಮಾಲೆ ಇಳಿಯುತ್ತದೆ ಎಂದು ಕಾಯಬಾರದು. ಮೊದಲ ದಿನವೇ ಹಳದಿ ಕಂಡರೆ, ಅಂಗೈ ಅಂಗಾಲಿಗೆ ಹಳದಿ ಇಳಿದರೆ, ಮಗು ಹಾಲು ಬಿಟ್ಟು ಮಂಕಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ನೀಲಿ ದೀಪದ ಚಿಕಿತ್ಸೆ ಸಮಯಕ್ಕೆ ಸಿಕ್ಕಿದರೆ ಈ ಪೆಟ್ಟನ್ನು ಪೂರ್ತಿಯಾಗಿ ತಪ್ಪಿಸಬಹುದು. ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿಟ್ಟ ಹಳೆಯ ಬಟ್ಟೆಯನ್ನು ತೆಗೆದು ಕೂಸಿಗೆ ಸುತ್ತುವುದು ಬೇಡ. ಜಿ6ಪಿಡಿ ಎಂಬ ಕಿಣ್ವ ಕಡಿಮೆ ಇರುವ ಮಕ್ಕಳಲ್ಲಿ ಆ ಗುಳಿಗೆಯ ವಾಸನೆಯಿಂದಲೇ ರಕ್ತಕಣ ಒಡೆದು ಕಾಮಾಲೆ ಏರುತ್ತದೆ. ಇನ್ನು, ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕೊಡದೆ ಜೇನು, ಸಕ್ಕರೆ ನೀರು ನೆಕ್ಕಿಸಿ ಕಾಯುವುದರಿಂದ, ಅದರಲ್ಲೂ ತೂಕ ಕಡಿಮೆಯ ಮಕ್ಕಳಲ್ಲಿ, ರಕ್ತದ ಸಕ್ಕರೆ ಕುಸಿದು ಮಿದುಳಿನ ಹಿಂಭಾಗಕ್ಕೆ ಪೆಟ್ಟಾಗಬಹುದು. ಅಂಥ ಮಗುವಿನ ಕಣ್ಣು ಪರೀಕ್ಷಿಸಿದರೆ ಕಣ್ಣು ಸರಿಯಾಗಿಯೇ ಇರುತ್ತದೆ, ಆದರೆ ಮಗು ಮುಖ ನೋಡುವುದಿಲ್ಲ. ನೋಡುವುದನ್ನೂ ಕಲಿಸಬೇಕಾಗುತ್ತದೆ: ಕಪ್ಪು ಬಟ್ಟೆಯ ಮುಂದೆ ಒಂದೇ ಒಂದು ಕೆಂಪು ಚೆಂಡನ್ನು ನಿಧಾನವಾಗಿ ಆಡಿಸಿ, ಮಗು ಕಣ್ಣು ಹೊರಳಿಸುವವರೆಗೆ ಕಾಯುವುದು ಅದರ ಮೊದಲ ಪಾಠ.

ಪ್ರಶ್ನೆ: ಎಂಟನೆಯ ತಿಂಗಳಿಗೆ ಹುಟ್ಟಿದ ನನ್ನ ಮಗಳಿಗೆ ಎರಡು ವರ್ಷ ನಾಲ್ಕು ತಿಂಗಳು. ಕಾಲು ಬಿಗಿ, ನಿಲ್ಲಿಸಿದರೆ ಕತ್ತರಿಯಂತೆ ಒಂದರ ಮೇಲೊಂದು ಹೋಗುತ್ತವೆ. ಐದಾರು ತಿಂಗಳಿಂದ ಆಸರೆಯಿಲ್ಲದೆ ಕೂರುತ್ತಾಳೆ, ಚೆನ್ನಾಗಿ ಮಾತಾಡುತ್ತಾಳೆ. ಸ್ಟೆಮ್ ಸೆಲ್ ಹಾಕಿಸಿದರೆ ನಡೆಯುತ್ತಾಳೆ ಎಂದು ಒಂದು ಕಡೆ ಹೇಳಿ ಲಕ್ಷಾಂತರ ರೂಪಾಯಿ ಕೇಳಿದ್ದಾರೆ. ಅರ್ಧ ಎಕರೆ ಮಾರಲು ಸಿದ್ಧನಿದ್ದೇನೆ. ಮಾಡಿಸಲೇ?
— ಒಬ್ಬ ತಂದೆ, ದಾವಣಗೆರೆ ಜಿಲ್ಲೆ

ಉತ್ತರ: ದಯವಿಟ್ಟು ಹೊಲ ಮಾರಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಸೆರೆಬ್ರಲ್ ಪಾಲ್ಸಿಗೆ ಸ್ಟೆಮ್ ಸೆಲ್ (ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಮೂಲಕೋಶ) ಒಪ್ಪಿತ ಚಿಕಿತ್ಸೆಯಲ್ಲ. ಅನುಮತಿ ಪಡೆದ ಸಂಶೋಧನೆಯೊಳಗೆ ಮಾತ್ರ ಅದನ್ನು ಪ್ರಯೋಗಿಸಬಹುದು, ಸಂಶೋಧನೆಯಲ್ಲಿ ರೋಗಿಯಿಂದ ಹಣ ಪಡೆಯುವಂತಿಲ್ಲ. ನಿಮ್ಮಿಂದ ಹಣ ಕೇಳಿದ್ದಾರೆ ಎಂಬುದೇ ಸಾಕಷ್ಟು ಉತ್ತರ.

‘ಮಾಡಿಸಿದವರ ಮಗು ಸುಧಾರಿಸಿತಲ್ಲ’ ಎಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ಆ ಮಾತು ಸುಳ್ಳೂ ಅಲ್ಲ, ಆದರೆ ಸುಧಾರಿಸಿದ್ದರ ಕಾರಣ ಬೇರೆ. ಇದನ್ನು ತಿಳಿಯಲು ಬೇರೊಂದು ಚಿಕಿತ್ಸೆಯ ಉದಾಹರಣೆ ನೋಡಿ. ಕೆನಡಾದಲ್ಲಿ ಸೆರೆಬ್ರಲ್ ಪಾಲ್ಸಿಯ 111 ಮಕ್ಕಳನ್ನು ಎರಡು ಗುಂಪು ಮಾಡಿ ಒಂದು ಗುಂಪಿಗೆ ಹೆಚ್ಚು ಒತ್ತಡದ ಆಮ್ಲಜನಕವನ್ನೂ ಇನ್ನೊಂದಕ್ಕೆ ತುಸು ಒತ್ತಡದ ಸಾದಾ ಗಾಳಿಯನ್ನೂ ಕೊಟ್ಟು ನೋಡಿದರು. 2001ರಲ್ಲಿ ಬಂದ ಫಲಿತಾಂಶದಲ್ಲಿ ಎರಡೂ ಗುಂಪಿನ ಮಕ್ಕಳು ಸುಧಾರಿಸಿದ್ದರು, ಅವರ ನಡುವೆ ವ್ಯತ್ಯಾಸವಿರಲಿಲ್ಲ. ಕೆನಡಾದವರದೇ ಇನ್ನೊಂದು ಕೆಲಸ ಇದನ್ನು ಅರ್ಥ ಮಾಡಿಸುತ್ತದೆ. ಮಕ್ಕಳ ಚಲನಶಕ್ತಿಯನ್ನು ಐದು ಮಟ್ಟಗಳಾಗಿ ವಿಂಗಡಿಸುವ ಜಿಎಂಎಫ್‌ಸಿಎಸ್ ಎಂಬ ಕ್ರಮವನ್ನು 1997ರಲ್ಲಿ ಅವರು ರೂಪಿಸಿದರು. ಅದರ ಆಧಾರದ ಮೇಲೆ ನೂರಾರು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದಾಗ, ತೀರ ಹೆಚ್ಚು ತೊಂದರೆಯ ಮಕ್ಕಳು ತಮ್ಮ ಚಲನಶಕ್ತಿಯ ಶೇ. 90ರಷ್ಟನ್ನು ಮೂರು ವರ್ಷದೊಳಗೇ, ಕಡಿಮೆ ತೊಂದರೆಯವರು ಐದು ವರ್ಷದ ಹೊತ್ತಿಗೆ ಮುಟ್ಟುತ್ತಾರೆ ಎಂದು ಕಂಡಿತು. ಎಂದರೆ ನಿಮ್ಮ ಮಗಳು ಈಗ ತಾನಾಗಿಯೇ ಏರುತ್ತಿರುವ ವಯಸ್ಸಿನಲ್ಲಿದ್ದಾಳೆ. ಈ ವರ್ಷ ಏನೇ ಮಾಡಿಸಿದರೂ ಅವಳು ಸುಧಾರಿಸುತ್ತಾಳೆ, ಆ ಕೀರ್ತಿ ಹಣ ಪಡೆದವರಿಗೆ ಹೋಗುತ್ತದೆ.

ಅವಳು ಎರಡು ವರ್ಷದ ಒಳಗೇ ಆಸರೆಯಿಲ್ಲದೆ ಕೂರಲು ಕಲಿತಿದ್ದಾಳೆ. ಅಂಥ ಮಕ್ಕಳಲ್ಲಿ ಹೆಚ್ಚಿನವರು ಮುಂದೆ ಒಂದಲ್ಲ ಒಂದು ರೀತಿಯಲ್ಲಿ, ಕೆಲವರು ಕೋಲು ಅಥವಾ ವಾಕರ್ ಹಿಡಿದು, ನಡೆಯುತ್ತಾರೆ. ತಿಂಗಳು ತುಂಬುವ ಮೊದಲು ಹುಟ್ಟಿದ ಮಕ್ಕಳಲ್ಲಿ ಮಿದುಳಿನ ಕುಹರಗಳ ಪಕ್ಕದ ಬಿಳಿ ನಾರುಗಳಿಗೆ ಪೆಟ್ಟಾಗುತ್ತದೆ, ಕಾಲಿಗೆ ಹೋಗುವ ನಾರುಗಳು ಅಲ್ಲಿಯೇ ಹಾದುಹೋಗುವುದರಿಂದ ಕಾಲಿನ ಬಿಗಿ ಹೆಚ್ಚು, ಕೈ ಮತ್ತು ಮಾತು ಚೆನ್ನಾಗಿರುತ್ತವೆ. ಹಣವನ್ನು ಕಾಲಿನ ಸ್ಪ್ಲಿಂಟು, ನಿಲ್ಲುವ ಚೌಕಟ್ಟು, ವಾರಕ್ಕೊಮ್ಮೆ ಒಳ್ಳೆಯ ಫಿಸಿಯೋಥೆರಪಿ ಇವುಗಳಿಗೆ ಇಡಿ. ಥೆರಪಿಯವರು ಮಗುವಿನ ಕಾಲನ್ನು ಹಿಡಿದು ಎಳೆದು ಬಿಡುವುದಷ್ಟೇ ಮಾಡುತ್ತಿದ್ದರೆ ಸಾಲದು. ಅವಳಿಗೆ ಬೇಕಾದ ಒಂದು ಕೆಲಸವನ್ನು, ಹೊಸ್ತಿಲು ದಾಟಿ ಅಂಗಳಕ್ಕೆ ಬರುವುದು ಎಂದಿಟ್ಟುಕೊಳ್ಳಿ, ಗುರಿಯಾಗಿಟ್ಟು ಅದನ್ನೇ ಅವಳಿಂದ ದಿನವೂ ಮಾಡಿಸಬೇಕು. ಮಿದುಳು ಕಲಿಯುವುದು ತಾನು ಮಾಡಿದ್ದನ್ನು.

ಸೊಂಟದ ಎಕ್ಸ್‌ರೇ ಮಾತ್ರ ಮರೆಯಬೇಡಿ. ಬಿಗಿ ಸ್ನಾಯುಗಳು ಎಳೆಯುತ್ತ ತೊಡೆಮೂಳೆಯ ಗುಂಡು ಸದ್ದಿಲ್ಲದೆ ಕುಳಿಯಿಂದ ಜಾರುತ್ತದೆ, ನೋವು ಶುರುವಾಗುವ ಹೊತ್ತಿಗೆ ತಡವಾಗಿರುತ್ತದೆ. ದಕ್ಷಿಣ ಸ್ವೀಡನ್ನಿನಲ್ಲಿ 1994ರಿಂದ ಸೆರೆಬ್ರಲ್ ಪಾಲ್ಸಿಯ ಮಕ್ಕಳೆಲ್ಲರ ಸೊಂಟವನ್ನು ಕ್ರಮವಾಗಿ ನೋಡುತ್ತ ಬಂದು, ಜಾರುವುದನ್ನು ಬಹುಮಟ್ಟಿಗೆ ನಿಲ್ಲಿಸಿದ್ದಾರೆ. ಬೇಕಾದದ್ದು ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲೂ ಇರುವ ಎಕ್ಸ್‌ರೇ ಯಂತ್ರ ಒಂದೇ.

ಪ್ರಶ್ನೆ: ಮಗನಿಗೆ ಹದಿನೇಳು ವರ್ಷ ಒಂಬತ್ತು ತಿಂಗಳು. ಹುಟ್ಟಿದಾಗ ಆದ ತೊಂದರೆಯಿಂದ ಕೈಕಾಲು ಅಂಕೆಯಲ್ಲಿಲ್ಲ, ಮಾತಿಲ್ಲ. ಹೇಳಿದ್ದೆಲ್ಲ ಅರ್ಥವಾಗುತ್ತದೆ, ಹೌದು ಎನ್ನಲು ಕಣ್ಣು ಮೇಲೆತ್ತುತ್ತಾನೆ. ಹದಿನೆಂಟು ತುಂಬುವ ಮೊದಲು ಗಾರ್ಡಿಯನ್ ಕಾಗದ ಮಾಡಿಸಬೇಕು ಎಂದು ಪರಿಚಯದವರು ಹೇಳಿದರು. ಈಚೆಗೆ ರಾತ್ರಿ ನರಳುತ್ತಾನೆ. ನನಗೂ ಅವನನ್ನು ಎತ್ತಿ ಎತ್ತಿ ಬೆನ್ನು ಹೋಗಿದೆ.
— ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಅಮ್ಮ, ನರಳುವುದರಿಂದ ಆರಂಭಿಸೋಣ. ಮಿದುಳಿನ ಪೆಟ್ಟು ಬೆಳೆಯುವುದಿಲ್ಲ, ಆದರೆ ದೇಹ ಬೆಳೆಯುತ್ತದೆ. ಹರೆಯದಲ್ಲಿ ಮೂಳೆ ಉದ್ದವಾದಂತೆ ಸ್ನಾಯು ಸಾಲದೆ ನೋವು ಬರುತ್ತದೆ. ಸೊಂಟ, ಬೆನ್ನುಮೂಳೆಯ ಡೊಂಕು, ಹಲ್ಲು, ಮಲಬದ್ಧತೆ ಮತ್ತು ಹೊಟ್ಟೆಯ ಆಮ್ಲ ಗಂಟಲಿಗೆ ಬರುವುದು, ಈ ಐದನ್ನೂ ಪರೀಕ್ಷಿಸದೆ ‘ಇಂಥ ಮಕ್ಕಳು ಹೀಗೆಯೇ’ ಎಂದು ಯಾರಾದರೂ ಕಳಿಸಿದರೆ ಬೇರೆಯವರಲ್ಲಿಗೆ ಹೋಗಿ. ಊಟ ನೆತ್ತಿಗೇರುವುದು, ಕೆಮ್ಮು ಹೆಚ್ಚಾಗಿದ್ದರೆ ಅದನ್ನೂ ಹೇಳಿ. ನಿಮ್ಮ ಬೆನ್ನಿನ ವಿಷಯ ಅದೇ ಭೇಟಿಯ ಭಾಗವಾಗಬೇಕು. ಇಬ್ಬರು ಸೇರಿ ಎತ್ತುವ ಕ್ರಮವನ್ನು ಫಿಸಿಯೋಥೆರಪಿಯವರು ತೋರಿಸಿಕೊಡುತ್ತಾರೆ, ಆ ಎರಡನೆಯ ಜನ ಅವನ ತಂದೆಯೋ ಅಣ್ಣನೋ ಆಗಲಿ, ಅವರೂ ಜೊತೆಗೆ ಬರಲಿ.

ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇಲ್ಲದಿದ್ದರೆ ಮೊದಲು ಮಾಡಿಸಿ. ಇಂಥವರ ನೆರವಿಗಾಗಿ ಕೇಂದ್ರ ಸರ್ಕಾರ ರಚಿಸಿದ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ‘ನಿರಾಮಯ’ ಆರೋಗ್ಯ ವಿಮೆಗೆ ಸೆರೆಬ್ರಲ್ ಪಾಲ್ಸಿ ಇರುವವರು ಅರ್ಹರು, ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ಚಿಕಿತ್ಸಾ ವೆಚ್ಚ ಅದರಲ್ಲಿ ಬರುತ್ತದೆ.

1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಪ್ರಕಾರ ಹದಿನೆಂಟು ತುಂಬಿದ ಮೇಲೆ ಪೋಷಕತ್ವಕ್ಕೆ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಕೊಡುವುದು ಹೌದು. ಆದರೆ ಸೆರೆಬ್ರಲ್ ಪಾಲ್ಸಿ ಎಂದರೆ ಬುದ್ಧಿ ಕಡಿಮೆ ಎಂದಲ್ಲ, ಮಾತು ಬಾರದಿರುವುದು ತಿಳಿಯದಿರುವುದಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಸೀಮಿತ ಪೋಷಕತ್ವದ ಮಾತಾಡುತ್ತದೆ: ನಿರ್ದಿಷ್ಟ ವಿಷಯಕ್ಕೆ, ನಿರ್ದಿಷ್ಟ ಅವಧಿಗೆ, ಆ ವ್ಯಕ್ತಿಯ ಇಚ್ಛೆಯಂತೆ, ಇಬ್ಬರೂ ಸೇರಿ ತೀರ್ಮಾನ ಮಾಡುವ ಕ್ರಮ. ನಿಮ್ಮ ಮಗನಿಗೆ ಇದು ಹೆಚ್ಚು ಹೊಂದುತ್ತದೆ ಎಂದು ನನಗೆ ಅನಿಸುತ್ತದೆ, ವಕೀಲರೊಬ್ಬರ ಸಲಹೆ ಪಡೆಯಿರಿ.

ಕಾಗದಕ್ಕೆ ಮೊದಲು ವಾಕ್ ತಜ್ಞರ ಬಳಿ ಹೋಗಿ ಕನ್ನಡ ಅಕ್ಷರಗಳೂ ಚಿತ್ರಗಳೂ ಇರುವ ಒಂದು ಹಲಗೆ ಮಾಡಿಸಿಕೊಳ್ಳಿ. ನೀವು ಸಾಲು ಸಾಲಾಗಿ ಬೆರಳಿಡುತ್ತ ಹೋಗಿ, ಬೇಕಾದ ಸಾಲು ಬಂದಾಗ ಅವನು ಕಣ್ಣು ಮೇಲೆತ್ತಲಿ, ಆಮೇಲೆ ಆ ಸಾಲಿನ ಅಕ್ಷರಗಳು. ಮೊದಮೊದಲು ಒಂದು ಪದಕ್ಕೆ ಹತ್ತು ನಿಮಿಷ ಹಿಡಿದೀತು. ನೋವು ಎಲ್ಲಿ ಎಂದು ಅವನನ್ನೇ ಕೇಳಿ, ಆಮೇಲೆ ಪೋಷಕರಾಗಿ ಯಾರು ಬೇಕು ಎಂದೂ ಅವನನ್ನೇ ಕೇಳಿ.